ಹೆಸರು ಕೇಳದೆ ತಲೆ ಎಣಿಸುವುದು ಹೇಗೆ?

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಗಡೀಪಾರು ಮಾಡಿ ಅಮೃತಸರದಲ್ಲಿ ಇಳಿಸಿತು. ಆ ದಿನಗಳಲ್ಲಿ ಟಿವಿಯಲ್ಲೂ ಪತ್ರಿಕೆಗಳಲ್ಲೂ ಒಂದು ಸಂಖ್ಯೆ ಪದೇ ಪದೇ ಬಂತು. ಅಮೆರಿಕದಲ್ಲಿ ದಾಖಲೆ ಇಲ್ಲದೆ ಇರುವ ಭಾರತೀಯರು 7.25 ಲಕ್ಷ, ಅಂತ. ಇದು ಪ್ಯೂ ರಿಸರ್ಚ್ ಸೆಂಟರ್ 2022ಕ್ಕೆ ಕೊಟ್ಟ ಅಂದಾಜು. ಆದರೆ ಅದೇ 2022ಕ್ಕೆ ಅಮೆರಿಕದ ಗೃಹ ಭದ್ರತಾ ಇಲಾಖೆಯ ಅಂದಾಜು 2.2 ಲಕ್ಷ. ಮೈಗ್ರೇಶನ್ ಪಾಲಿಸಿ ಇನ್‌ಸ್ಟಿಟ್ಯೂಟ್ ಅನ್ನುವ ಇನ್ನೊಂದು ಸಂಸ್ಥೆಯದು 3.75 ಲಕ್ಷ.

ಒಂದೇ ದೇಶ, ಅದೇ ಜನ, ಹೆಚ್ಚುಕಮ್ಮಿ ಅದೇ ಕಾಲ. ಆದರೂ ಒಂದು ಸಂಖ್ಯೆ ಇನ್ನೊಂದರ ಮೂರು ಪಟ್ಟಿಗಿಂತ ದೊಡ್ಡದು. ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಮೂವರೂ ಪ್ರಾಮಾಣಿಕವಾಗಿಯೇ ಲೆಕ್ಕ ಹಾಕಿದ್ದಾರೆ. ಲೆಕ್ಕ ಹಾಕುವ ದಾರಿ ಗೊತ್ತಾದರೆ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಆ ದಾರಿಗಳಲ್ಲಿ ನನಗೆ ತುಂಬ ಮುಖ್ಯ ಅನಿಸುವುದು ಆರೋಗ್ಯ ಸಮೀಕ್ಷೆಗಳದ್ದು. ಅದರ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ.

ಮೊದಲು ಹಳೆಯ ದಾರಿ ನೋಡೋಣ. 1970ರ ದಶಕದಲ್ಲಿ ಅಮೆರಿಕದ ವಲಸೆ ಇಲಾಖೆಯ ಮುಖ್ಯಸ್ಥರಾಗಿದ್ದ ಲಿಯೊನಾರ್ಡ್ ಚಾಪ್‌ಮನ್, ದೇಶದಲ್ಲಿ ಇಂಥವರು 1.2 ಕೋಟಿಯವರೆಗೂ ಇರಬಹುದು ಎಂದಿದ್ದರು. ಅದು ಎಣಿಸಿ ಹೇಳಿದ್ದಲ್ಲ, ಊಹೆ. ಲೆಕ್ಕಕ್ಕೆ ಒಂದು ಗಟ್ಟಿ ಬುನಾದಿ ಸಿಕ್ಕಿದ್ದು ರಾಬರ್ಟ್ ವಾರನ್ ಮತ್ತು ಜೆಫ್ರಿ ಪ್ಯಾಸೆಲ್ ಅವರಿಂದ. ಅವರ ಉಪಾಯ ಬಹಳ ಸರಳ. ಜನಗಣತಿಯಲ್ಲಿ ಸಿಕ್ಕ, ಹೊರದೇಶದಲ್ಲಿ ಹುಟ್ಟಿದ ಎಲ್ಲರ ಸಂಖ್ಯೆ ತೆಗೆದುಕೊಳ್ಳಿ. ಸರ್ಕಾರದ ದಾಖಲೆಗಳ ಪ್ರಕಾರ ಕಾನೂನುಬದ್ಧವಾಗಿ ಬಂದು, ಇನ್ನೂ ಬದುಕಿದ್ದು, ದೇಶ ಬಿಟ್ಟು ಹೋಗದವರು ಎಷ್ಟು ಅಂತ ಲೆಕ್ಕ ಹಾಕಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿದವರೇ ದಾಖಲೆ ಇಲ್ಲದವರು. 1980ರ ಜನಗಣತಿಯಲ್ಲಿ ಹೀಗೆ ಉಳಿದವರು ಸುಮಾರು 20.6 ಲಕ್ಷ. ಅಂದರೆ ಇಷ್ಟು ಜನ ತಾವಾಗಿಯೇ ಗಣತಿದಾರರಿಗೆ ಉತ್ತರ ಕೊಟ್ಟಿದ್ದರು. ಬಚ್ಚಿಟ್ಟುಕೊಂಡವರೆಲ್ಲ ಗಣತಿಯಿಂದ ಪೂರ್ತಿ ತಪ್ಪಿಸಿಕೊಳ್ಳುತ್ತಾರೆ ಅನ್ನುವ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಇವತ್ತಿಗೂ ದೊಡ್ಡ ಸಂಖ್ಯೆಗಳೆಲ್ಲ ಬಹುಮಟ್ಟಿಗೆ ಈ ಕಳೆಯುವ ಲೆಕ್ಕದಿಂದಲೇ ಬರುತ್ತವೆ. ಗಣತಿಯಿಂದ ತಪ್ಪಿಹೋದವರಿಗಾಗಿ ಮೇಲೆ ಒಂದಷ್ಟು ಶೇಕಡಾ ಸೇರಿಸುತ್ತಾರೆ. ಪ್ಯೂ ಪ್ರಕಾರ ಈ ಒಟ್ಟು ಸಂಖ್ಯೆ 2007ರಲ್ಲಿ 1.22 ಕೋಟಿ, 2022ರಲ್ಲಿ 1.1 ಕೋಟಿ (ಆಮೇಲೆ ಇದನ್ನು 1.18 ಕೋಟಿಗೆ ತಿದ್ದಿತು), 2023ರಲ್ಲಿ 1.4 ಕೋಟಿ. ಒಂದೇ ವರ್ಷದಲ್ಲಿ ಇಷ್ಟು ಏರಿದ್ದು ನೋಡಿ ಗಾಬರಿಯಾಗುವ ಮುಂಚೆ ಒಂದು ವಿಷಯ ತಿಳಿದಿರಬೇಕು. 2023ರ ಆ 1.4 ಕೋಟಿಯಲ್ಲಿ ಸುಮಾರು 60 ಲಕ್ಷ ಜನರಿಗೆ ಗಡೀಪಾರಿನಿಂದ ಒಂದಲ್ಲ ಒಂದು ತಾತ್ಕಾಲಿಕ ರಕ್ಷಣೆ ಇತ್ತು. ಆಶ್ರಯ ಕೋರಿ ಅರ್ಜಿ ಹಾಕಿ ಕಾಯುತ್ತಿರುವವರು, ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಬಂದವರು ಇವರಲ್ಲಿ ಸೇರಿದ್ದಾರೆ. ಅವರ ಹತ್ತಿರ ಕಾಗದಪತ್ರ ಇಲ್ಲವೇ ಇಲ್ಲ ಅಂತಲ್ಲ, ಕಾಯಂ ಹಕ್ಕು ಇಲ್ಲ ಅಷ್ಟೇ.

ಕಳೆಯುವ ಲೆಕ್ಕದ ದೌರ್ಬಲ್ಯ ಎಲ್ಲಿದೆ? ಮದುವೆ ಮನೆಯಲ್ಲಿ ಊಟದ ಎಲೆ ಎಣಿಸಿ, ಕರೆದವರ ಪಟ್ಟಿ ಕಳೆದು, ಕರೆಯದೆ ಬಂದವರು ಎಷ್ಟು ಅಂತ ಹೇಳಿದ ಹಾಗೆ ಇದು. ಸಾವಿರ ಎಲೆ ಬಿದ್ದಿವೆ, ಪಟ್ಟಿಯಲ್ಲಿ 950 ಜನ ಅಂದರೆ ಉಳಿದದ್ದು 50. ಪಟ್ಟಿ ಬರೆದವರು ಬರೀ 50 ಹೆಸರು ಬಿಟ್ಟಿದ್ದರೂ ಸಾಕು, ಕರೆಯದೆ ಬಂದವರು ಒಬ್ಬರೂ ಇಲ್ಲ ಅಂತಾಗುತ್ತದೆ. ದೊಡ್ಡ ಸಂಖ್ಯೆಯಲ್ಲಿ ಆದ ಸಣ್ಣ ತಪ್ಪು, ಉಳಿಕೆಯಲ್ಲಿ ದೊಡ್ಡ ತಪ್ಪಾಗುತ್ತದೆ.

ಭಾರತೀಯರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಪರಿಣತ ಕೆಲಸಗಾರರ ವೀಸಾ ಆದ ಎಚ್-1ಬಿ ಮಂಜೂರಾತಿಗಳಲ್ಲಿ ಶೇ. 70ಕ್ಕೂ ಜಾಸ್ತಿ ಭಾರತೀಯರದ್ದೇ. ಅವರ ಗಂಡ, ಹೆಂಡತಿ, ಮಕ್ಕಳು ಕುಟುಂಬದವರ ವೀಸಾ ಆದ ಎಚ್-4ನಲ್ಲಿ. ಅದರ ಮೇಲೆ ವಿದ್ಯಾರ್ಥಿಗಳು. ಗ್ರೀನ್ ಕಾರ್ಡ್ ಸರದಿಯಲ್ಲಿ ವರ್ಷಗಟ್ಟಲೆ ನಿಂತು ವೀಸಾ ಮುಂದುವರಿಸುತ್ತಲೇ ಇರುವವರು ಬೇರೆ. ಇವರೆಲ್ಲ ಕಾನೂನುಬದ್ಧವಾಗಿಯೇ ಇದ್ದಾರೆ. ಆದರೆ ಒಂದು ನಿರ್ದಿಷ್ಟ ದಿನ ಇವರಲ್ಲಿ ಎಷ್ಟು ಜನ ಅಮೆರಿಕದಲ್ಲಿದ್ದರು ಅಂತ ಹೇಳುವ ಒಂದೇ ಪಟ್ಟಿ ಇಲ್ಲ. ಅದನ್ನೂ ಅಂದಾಜು ಮಾಡಬೇಕು. ಆ ಅಂದಾಜು ಸ್ವಲ್ಪ ಆಚೀಚೆ ಆದರೂ ಉಳಿಕೆ ಲಕ್ಷಗಟ್ಟಲೆ ಬದಲಾಗುತ್ತದೆ. ಆದ್ದರಿಂದ 7.25 ಲಕ್ಷ ಅನ್ನುವುದನ್ನು ಯಾರಾದರೂ ಎಣಿಸಿಟ್ಟ ಹಾಗೆ ಹೇಳಿದರೆ ಒಪ್ಪಬೇಡಿ. 2.2 ಲಕ್ಷ ಅಂದರೂ ಅಷ್ಟೇ.

ಇಲ್ಲಿಯವರೆಗೆ ಆದದ್ದು ಒಟ್ಟು ಸಂಖ್ಯೆಯ ಮಾತು. ಕಳೆಯುವ ಲೆಕ್ಕದಲ್ಲಿ ಇನ್ನೊಂದು ಕೊರತೆ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಅದು ಸಂಖ್ಯೆ ಕೊಡುತ್ತದೆ, ಮನುಷ್ಯರನ್ನು ತೋರಿಸುವುದಿಲ್ಲ. ಇವರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಜನಕ್ಕಿದೆ? ಬಸುರಿ ಹೆಂಗಸರು ಎಷ್ಟನೇ ತಿಂಗಳಲ್ಲಿ ಮೊದಲ ಸಲ ಡಾಕ್ಟರ ಹತ್ತಿರ ಹೋಗುತ್ತಾರೆ? ವಿಮೆ ಯಾರಿಗಿದೆ? ಇದಕ್ಕೆ ಉತ್ತರ ಬೇಕು ಅಂದರೆ ಜನರನ್ನೇ ಮಾತಾಡಿಸಬೇಕು. ಆರೋಗ್ಯ ಸಮೀಕ್ಷೆ ಬರುವುದು ಇಲ್ಲಿ.

ಕ್ಯಾಲಿಫೋರ್ನಿಯಾ ಹೆಲ್ತ್ ಇಂಟರ್‌ವ್ಯೂ ಸರ್ವೆ 2001ರಿಂದ ನಡೆಯುತ್ತಿದೆ. ನಡೆಸುವುದು ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯದ ಆರೋಗ್ಯ ನೀತಿ ಸಂಶೋಧನಾ ಕೇಂದ್ರ. ಅಮೆರಿಕದ ಯಾವ ರಾಜ್ಯದಲ್ಲೂ ಇಷ್ಟು ದೊಡ್ಡ ಆರೋಗ್ಯ ಸಮೀಕ್ಷೆ ಇಲ್ಲ. ಮೊದಲು ಫೋನಿನಲ್ಲಿ ಕೇಳುತ್ತಿದ್ದರು. ಈಗ ವಿಳಾಸಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪತ್ರ ಕಳಿಸುತ್ತಾರೆ, ಆನ್‌ಲೈನಿನಲ್ಲೋ ಫೋನಿನಲ್ಲೋ ಉತ್ತರಿಸಬಹುದು. ಇಂಗ್ಲಿಷ್ ಬಿಟ್ಟು ಸ್ಪ್ಯಾನಿಷ್, ಚೈನೀಸ್, ಕೊರಿಯನ್, ವಿಯೆಟ್ನಾಮೀಸ್, ಟಗಲಾಗ್ ಭಾಷೆಗಳಲ್ಲೂ ಕೇಳುತ್ತಾರೆ. ಬಿಪಿ, ಆಸ್ತಮಾ, ಊಟ, ನಿದ್ದೆ, ವಿಮೆ ಹೀಗೆ ಪ್ರಶ್ನೆಗಳ ಸಾಲು. ಅದರ ನಡುವೆ ಎರಡು ಪ್ರಶ್ನೆ ಬರುತ್ತವೆ. ನೀವು ಅಮೆರಿಕದ ನಾಗರಿಕರೇ? ಅಲ್ಲ ಅಂದರೆ, ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಯೇ?

ಅಷ್ಟೇ. ನಿಮ್ಮ ಹತ್ತಿರ ದಾಖಲೆ ಇದೆಯಾ ಅಂತ ನೇರವಾಗಿ ಯಾರೂ ಕೇಳುವುದಿಲ್ಲ. ಎರಡೂ ಪ್ರಶ್ನೆಗೆ ಅಲ್ಲ ಅಂದವರು ಒಂದು ಗುಂಪಾಗಿ ಉಳಿಯುತ್ತಾರೆ. ನಾಗರಿಕರಲ್ಲ, ಗ್ರೀನ್ ಕಾರ್ಡೂ ಇಲ್ಲ.

ಈ ಗುಂಪಿನಲ್ಲಿ ಯಾರ್ಯಾರು ಬರುತ್ತಾರೆ ಯೋಚಿಸಿ. ವಾಟ್ಸನ್‌ವಿಲ್ ಕಡೆಯ ಸ್ಟ್ರಾಬೆರಿ ತೋಟದಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಮೆಕ್ಸಿಕೊದ ಕೂಲಿಯವನು ಬರುತ್ತಾನೆ. ಸನಿವೇಲ್‌ನಲ್ಲಿ ಎಚ್-1ಬಿ ಮೇಲೆ ಸಾಫ್ಟ್‌ವೇರ್ ಕೆಲಸ ಮಾಡುವ ಬೆಂಗಳೂರಿನ ಹುಡುಗಿಯೂ ಬರುತ್ತಾಳೆ. ಇಬ್ಬರ ಬದುಕಿಗೂ ಅಜಗಜಾಂತರ, ಆದರೆ ಆ ಎರಡು ಪ್ರಶ್ನೆಗೆ ಇಬ್ಬರ ಉತ್ತರವೂ ಒಂದೇ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮ ಕನ್ನಡಿಗರಲ್ಲಿ ಕೆಲಸದ ವೀಸಾ ಮೇಲೆ ಇರುವವರೆಲ್ಲ ಈ ಗುಂಪಿಗೇ ಸೇರಿದವರು. ಈ ಗುಂಪನ್ನು ಹಾಗೆಯೇ ದಾಖಲೆ ಇಲ್ಲದವರು ಅಂತ ಕರೆದರೆ, ಮೊದಲನೆಯವನ ಕಷ್ಟ ಎರಡನೆಯವಳ ಕಂಪನಿ ವಿಮೆಯ ಹಿಂದೆ ಮರೆಯಾಗಿಬಿಡುತ್ತದೆ. ಸರಾಸರಿಯಲ್ಲಿ ಎಲ್ಲ ಚೆನ್ನಾಗಿಯೇ ಕಾಣಿಸುತ್ತದೆ.

ಹಾಗಾದರೆ ಇವರನ್ನು ಬೇರ್ಪಡಿಸುವುದು ಹೇಗೆ? ಮೊದಲ ಹೆಜ್ಜೆ, ಖಚಿತವಾಗಿ ಕಾನೂನುಬದ್ಧರು ಅಂತ ಗೊತ್ತಾಗುವವರನ್ನು ಆಚೆ ತೆಗೆಯುವುದು. ಇದಕ್ಕೆ ಕೆಲವು ನಿಯಮಗಳಿವೆ. ಸೇನೆಯಲ್ಲಿ ಇದ್ದವರು, ಸರ್ಕಾರಿ ನೌಕರಿಯಲ್ಲಿ ಇರುವವರು, ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಪಡೆಯುವವರು, ಲೈಸೆನ್ಸ್ ಬೇಕೇ ಬೇಕಾದ ವೃತ್ತಿಯವರು ಕಾನೂನುಬದ್ಧರು. 1982ಕ್ಕಿಂತ ಮುಂಚೆ ಬಂದವರಿಗೆ 1986ರ ಕಾನೂನು ದಾರಿ ಮಾಡಿಕೊಟ್ಟಿತ್ತು, ಆ ಕಾನೂನಿನಡಿ ಸುಮಾರು 27 ಲಕ್ಷ ಜನ ಕಾಯಂ ಹಕ್ಕು ಪಡೆದರು. ಹಾಗಾಗಿ ಅವರೂ ಆಚೆ. ಕ್ಯೂಬಾದಿಂದ ಬಂದವರಿಗೆ 1966ರಿಂದ ವಿಶೇಷ ಕಾನೂನು ಇದೆ. ಹೀಗೆ ಒಂದೊಂದೇ ಜರಡಿ. ಉಳಿದವರಲ್ಲಿ ದಾಖಲೆ ಇಲ್ಲದವರ ಪಾಲು ಜಾಸ್ತಿ.

ಎರಡನೆಯ ಹೆಜ್ಜೆಗೆ ಇನ್ನೊಂದು ಸಮೀಕ್ಷೆಯ ಸಹಾಯ ಬೇಕು. ಲಾಸ್ ಏಂಜಲೀಸ್ ಕೌಂಟಿಯ 65 ಬಡಾವಣೆಗಳಲ್ಲಿ 2000ದ ಹೊತ್ತಿಗೆ ಶುರುವಾದ ಒಂದು ಕುಟುಂಬ ಸಮೀಕ್ಷೆಯಲ್ಲಿ ಪ್ರಶ್ನೆಗಳು ಇನ್ನಷ್ಟು ಮುಂದೆ ಹೋಗಿದ್ದವು. ಗ್ರೀನ್ ಕಾರ್ಡ್ ಇಲ್ಲ ಅಂದವರಿಗೆ, ನಿರಾಶ್ರಿತರಾಗಿ ಬಂದಿದ್ದೀರಾ, ವೀಸಾ ಇದೆಯಾ, ಅದರ ಅವಧಿ ಮುಗಿದಿದೆಯಾ ಅಂತ ಕೇಳಿದರು. ಜನ ಉತ್ತರಿಸಿದರು. ಆ ಉತ್ತರಗಳಿಂದ ಒಂದು ನಂಟು ಸಿಗುತ್ತದೆ. ವಯಸ್ಸು, ಹುಟ್ಟಿದ ದೇಶ, ಬಂದು ಎಷ್ಟು ವರ್ಷ, ಎಷ್ಟು ಓದು, ಏನು ಕೆಲಸ ಇವುಗಳನ್ನು ನೋಡಿದರೆ ದಾಖಲೆ ಇಲ್ಲದಿರುವ ಸಾಧ್ಯತೆ ಎಷ್ಟು ಅನ್ನುವ ನಂಟು. ಅದನ್ನು ತಂದು ದೊಡ್ಡ ಆರೋಗ್ಯ ಸಮೀಕ್ಷೆಯವರ ಮೇಲೆ ಹಾಕುತ್ತಾರೆ.

ಮೇಲೆ ಹೇಳಿದ ಇಬ್ಬರನ್ನೇ ತೆಗೆದುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ. ತೋಟದ ಕೂಲಿಯವನಿಗೆ ಆ ಸಾಧ್ಯತೆ 0.85 ಬಂತು, ಸಾಫ್ಟ್‌ವೇರ್ ಹುಡುಗಿಗೆ 0.03 ಬಂತು ಅನ್ನೋಣ. ಆಗ ಅವನು ದಾಖಲೆ ಇಲ್ಲದವನು, ಇವಳು ಅಲ್ಲ ಅಂತ ಹಣೆಪಟ್ಟಿ ಹಚ್ಚುವುದಿಲ್ಲ. ಅವನನ್ನು 0.85 ಮನುಷ್ಯ ಅಂತ, ಇವಳನ್ನು 0.03 ಅಂತ ಲೆಕ್ಕಕ್ಕೆ ಸೇರಿಸುತ್ತಾರೆ. ಅವನಂಥ ನೂರು ಜನರಲ್ಲಿ 85 ಜನ ಎಂದು ಅರ್ಥ. ಅವನು ಆ 85ರಲ್ಲಿ ಒಬ್ಬನೋ ಉಳಿದ 15ರಲ್ಲಿ ಒಬ್ಬನೋ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಈ ವಿಧಾನದ ಬಗ್ಗೆ ನನಗೆ ಗೌರವ ಇರುವುದು ಇದೇ ಕಾರಣಕ್ಕೆ. ಇಡೀ ಜನಸಮೂಹದ ಆರೋಗ್ಯ ಹೇಗಿದೆ ಅಂತ ತಿಳಿಯುತ್ತದೆ, ಒಬ್ಬನೇ ಒಬ್ಬನ ಗುಟ್ಟೂ ಹೊರಗೆ ಬರುವುದಿಲ್ಲ.

ಆದರೆ ಇಲ್ಲೊಂದು ಗುಂಡಿ ಇದೆ, ತಿಳಿದವರೂ ಬೀಳುತ್ತಾರೆ. ಮೇಲೆ ಹೇಳಿದ ನಿಯಮಗಳ ಜೊತೆ ಸಾಮಾನ್ಯವಾಗಿ ಇನ್ನೊಂದನ್ನೂ ಸೇರಿಸುತ್ತಾರೆ. ಬಡವರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇಡ್ ಯಾರಿಗೆ ಇದೆಯೋ ಅವರು ಕಾನೂನುಬದ್ಧರು, ಅಂತ. ಕೇಂದ್ರದ ಕಾನೂನಿನಲ್ಲಿ ದಾಖಲೆ ಇಲ್ಲದವರಿಗೆ ಪೂರ್ತಿ ಮೆಡಿಕೇಡ್ ಇಲ್ಲವಾದ್ದರಿಂದ ಈ ನಿಯಮ ಸರಿಯಾಗಿಯೇ ಕಾಣುತ್ತದೆ. ಈಗ ಇದೇ ದತ್ತಾಂಶ ಇಟ್ಟುಕೊಂಡು, ದಾಖಲೆ ಇಲ್ಲದವರಲ್ಲಿ ಎಷ್ಟು ಜನಕ್ಕೆ ಮೆಡಿಕೇಡ್ ಇದೆ ಅಂತ ಕೇಳಿ ನೋಡಿ. ಉತ್ತರ ಸೊನ್ನೆ. ಬರಲೇಬೇಕು, ಅಲ್ವಾ? ಇದ್ದವರನ್ನೆಲ್ಲ ಮೊದಲೇ ನಾವೇ ಆಚೆ ಹಾಕಿದ್ದೇವಲ್ಲ! ನಾವು ಹಾಕಿದ ನಿಯಮವೇ ತಿರುಗಿ ಬಂದು ಸಂಶೋಧನೆಯ ಫಲಿತಾಂಶದ ವೇಷ ಹಾಕಿಕೊಂಡಿದೆ.

ಕ್ಯಾಲಿಫೋರ್ನಿಯಾದಲ್ಲಂತೂ ಈ ನಿಯಮ ನಿಲ್ಲುವುದೇ ಇಲ್ಲ. ಅಲ್ಲಿನ ಮೆಡಿಕೇಡ್‌ಗೆ ಮೆಡಿ-ಕ್ಯಾಲ್ ಅಂತ ಹೆಸರು. ರಾಜ್ಯ ತನ್ನ ಹಣದಿಂದಲೇ ಅದನ್ನು ದಾಖಲೆ ಇಲ್ಲದ ಬಡವರಿಗೂ ತೆರೆಯುತ್ತಾ ಬಂತು. 2016ರಲ್ಲಿ ಮಕ್ಕಳಿಗೆ, 2020ರಲ್ಲಿ 19ರಿಂದ 25 ವಯಸ್ಸಿನವರಿಗೆ, 2022ರಲ್ಲಿ 50 ದಾಟಿದವರಿಗೆ, 2024ರ ಜನವರಿಯಲ್ಲಿ ಉಳಿದ 26ರಿಂದ 49ರವರಿಗೆ. ಹಳೆಯ ನಿಯಮ ಹಾಗೇ ಇಟ್ಟುಕೊಂಡವರ ಲೆಕ್ಕದಲ್ಲಿ ವಿಮೆ ಸಿಕ್ಕ ಕೂಡಲೇ ಇವರು ಕಾನೂನುಬದ್ಧರಾಗಿ ಬಿಡುತ್ತಾರೆ! ಜನಸಂಖ್ಯಾ ತಜ್ಞೆ ಜೆನಿಫರ್ ವಾನ್ ಹುಕ್ ಮತ್ತು ಸಂಗಡಿಗರು 2015ರಲ್ಲಿ ಇಂಥ ವಿಧಾನಗಳನ್ನೆಲ್ಲ ಪರೀಕ್ಷೆಗೆ ಒಡ್ಡಿ ತೋರಿಸಿದ್ದು ಇದಕ್ಕೆ ಹತ್ತಿರದ ಮಾತು. ನೀವು ವಿಮೆಯ ಬಗ್ಗೆ ತಿಳಿಯಬೇಕಾದರೆ, ನಂಟು ಕಲಿಯಲು ಬಳಸಿದ ಆ ಇನ್ನೊಂದು ಸಮೀಕ್ಷೆಯಲ್ಲೂ ದಾಖಲೆ ಮತ್ತು ವಿಮೆ ಎರಡನ್ನೂ ಒಟ್ಟಿಗೆ ಕೇಳಿರಬೇಕು. ಇಲ್ಲದಿದ್ದರೆ ಯಾವ ಗಣಿತವೂ ಕಾಪಾಡುವುದಿಲ್ಲ.

ಇಷ್ಟೆಲ್ಲ ಸುತ್ತುವ ಬದಲು ನೇರವಾಗಿ ಕೇಳಿ, ಆದರೂ ಗುಟ್ಟು ಉಳಿಸುವ ದಾರಿ ಇಲ್ಲವೇ? ಇದೆ, ಅದು ಬಹಳ ಜಾಣ ದಾರಿ. ನಮ್ಮ ಸಿಎಜಿಯಂತೆ ಅಮೆರಿಕದ ಸಂಸತ್ತಿಗಾಗಿ ಕೆಲಸ ಮಾಡುವ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್‌ನಲ್ಲಿ ಜುಡಿತ್ ಡ್ರಾಯ್ಟ್‌ಕೋರ್ ಮತ್ತು ಸಂಗಡಿಗರು ಇದನ್ನು ಬೆಳೆಸಿದರು.

ವಲಸಿಗರನ್ನು ಚೀಟಿ ಎತ್ತಿ ಎರಡು ಗುಂಪು ಮಾಡುತ್ತಾರೆ. ಮೊದಲ ಗುಂಪಿಗೆ ತೋರಿಸುವ ಕಾರ್ಡಿನಲ್ಲಿ ಎ ಮತ್ತು ಬಿ ಎಂಬ ಚೌಕಗಳಿವೆ. ಎ ಚೌಕದಲ್ಲಿ ಗ್ರೀನ್ ಕಾರ್ಡ್ ಇರುವವರು ಮಾತ್ರ. ಬಿ ಚೌಕದಲ್ಲಿ ನಾಗರಿಕರಾದವರು, ನಿರಾಶ್ರಿತರು, ವೀಸಾ ಇರುವವರು, ದಾಖಲೆ ಇಲ್ಲದವರು ಎಲ್ಲರೂ ಒಟ್ಟಿಗೆ. ಇದ್ಯಾವುದೂ ಅಲ್ಲದವರಿಗೆ ಸಿ ಅಂತ ಚಿಕ್ಕ ಚೌಕ. ನೀವು ಯಾವ ಚೌಕ, ಅಷ್ಟು ಹೇಳಿ ಸಾಕು. ಬಿ ಅಂದವರು ನಾಗರಿಕರೂ ಆಗಿರಬಹುದು, ದಾಖಲೆ ಇಲ್ಲದವರೂ ಆಗಿರಬಹುದು. ಪ್ರಶ್ನೆ ಕೇಳಿದವರಿಗೂ ಗೊತ್ತಾಗುವುದಿಲ್ಲ. ಎರಡನೆಯ ಗುಂಪಿನ ಕಾರ್ಡಿನಲ್ಲಿ ಜೋಡಣೆ ಬೇರೆ. ಎ ಚೌಕದಲ್ಲಿ ನಾಗರಿಕರು, ನಿರಾಶ್ರಿತರು, ವೀಸಾದವರು. ಬಿ ಚೌಕದಲ್ಲಿ ಗ್ರೀನ್ ಕಾರ್ಡಿನವರು ಮತ್ತು ದಾಖಲೆ ಇಲ್ಲದವರು.

ಈಗ ಲೆಕ್ಕ. ಮೊದಲ ಗುಂಪಿನಲ್ಲಿ ಶೇ. 58 ಜನ ಬಿ ಅಂದರು ಅನ್ನೋಣ. ಎರಡನೆಯ ಗುಂಪಿನಲ್ಲಿ ಶೇ. 34 ಜನ ಎ ಅಂದರು. ಮೊದಲ ಕಾರ್ಡಿನ ಬಿ ಚೌಕಕ್ಕೂ ಎರಡನೆಯ ಕಾರ್ಡಿನ ಎ ಚೌಕಕ್ಕೂ ಇರುವ ವ್ಯತ್ಯಾಸ ಒಂದೇ, ದಾಖಲೆ ಇಲ್ಲದವರು. 58ರಿಂದ 34 ಕಳೆದರೆ 24. ಅಂದರೆ ವಲಸಿಗರಲ್ಲಿ ಶೇ. 24 ಜನಕ್ಕೆ ದಾಖಲೆ ಇಲ್ಲ. ಒಬ್ಬರೂ ತನ್ನ ಬಗ್ಗೆ ಹೇಳಿಕೊಳ್ಳಲಿಲ್ಲ, ಆದರೂ ಪ್ರಮಾಣ ಸಿಕ್ಕಿತು. ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ. ಎಲ್ಲರನ್ನೂ ಕೇಳದೆ ಕೆಲವರನ್ನಷ್ಟೇ ಕೇಳುವುದರಿಂದ ಬರುವ ದೋಷ ಎರಡೂ ಗುಂಪಿನಲ್ಲಿದ್ದು, ಒಟ್ಟಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ಗುಂಪುಗಳು ದೊಡ್ಡದಿರಬೇಕು, ಖರ್ಚು ಹೆಚ್ಚು.

ಯಾವ ದಾರಿ ಹಿಡಿದರೂ ಬಂದ ಸಂಖ್ಯೆಯನ್ನು ಬೇರೆ ಕಡೆಯಿಂದ ಒರೆಗೆ ಹಚ್ಚಬೇಕು. ಇದಕ್ಕೆ ಆರೋಗ್ಯ ಇಲಾಖೆಯ ಹುಟ್ಟು ಸಾವಿನ ಪುಸ್ತಕಗಳಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಸತ್ತವರಿಗೆ ದಾಖಲೆ ಇರಲಿ ಬಿಡಲಿ, ಸಾವು ನೋಂದಣಿ ಆಗುತ್ತದೆ. ಬದುಕಿದ್ದಾಗ ಜನಸಂಖ್ಯೆಯ ಲೆಕ್ಕದಲ್ಲಿ ಇರದವರು ಸತ್ತಾಗ ಸಾವಿನ ಲೆಕ್ಕಕ್ಕೆ ಬಂದರೆ, ಆ ವಯಸ್ಸಿನವರ ಸಾವಿನ ಪ್ರಮಾಣ ಇದ್ದದ್ದಕ್ಕಿಂತ ಹೆಚ್ಚು ಕಾಣಿಸುತ್ತದೆ. ಈ ಉಬ್ಬಿನಿಂದಲೇ ಲೆಕ್ಕದಿಂದ ತಪ್ಪಿದವರನ್ನು ಅಂದಾಜು ಮಾಡಬಹುದು ಅಂತ 1980ರಲ್ಲೇ ಗ್ರೆಗರಿ ರಾಬಿನ್‌ಸನ್ ತೋರಿಸಿದ್ದರು. 2018ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧಕರು, ಗಡಿಯಲ್ಲಿ ಸಿಕ್ಕಿಬಿದ್ದವರು ಮತ್ತು ವೀಸಾ ಮೀರಿ ಉಳಿದವರ ಲೆಕ್ಕದಿಂದ ಹೊರಟು 2.21 ಕೋಟಿ ಅನ್ನುವ ಸಂಖ್ಯೆ ಕೊಟ್ಟಾಗಲೂ ಇಂಥ ಒರೆಗಲ್ಲೇ ನೆರವಿಗೆ ಬಂತು. ಅಷ್ಟು ಜನ ಇದ್ದಿದ್ದರೆ ಹೆರಿಗೆಯ ದಾಖಲೆಯಲ್ಲಿ, ಶಾಲೆಯ ಹಾಜರಿಯಲ್ಲಿ ಎಲ್ಲಾದರೂ ಕಾಣಬೇಕಿತ್ತು. ಬಂದವರು ಮೆಕ್ಸಿಕೊಗೆ ಮರಳಿ ಹೋಗುತ್ತಿದ್ದುದನ್ನು ಆ ಮಾದರಿ ಕಡಿಮೆ ಹಿಡಿದಿತ್ತು ಅಂತ ಜನಸಂಖ್ಯಾ ತಜ್ಞರು ಆಕ್ಷೇಪ ಎತ್ತಿದರು. ಆ ಆಕ್ಷೇಪ ನನಗೂ ಸರಿ ಅನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಗಣಿತದ್ದಲ್ಲ, ಭಯದ್ದು. ಮನೆಗೆ ಬಂದ ಪತ್ರ ನೋಡಿ ಇದರ ಹಿಂದೆ ಪೊಲೀಸರಿದ್ದಾರೇನೋ ಅಂದುಕೊಂಡವರು ಉತ್ತರಿಸುವುದಿಲ್ಲ. ಉತ್ತರಿಸಿದರೂ ಗ್ರೀನ್ ಕಾರ್ಡ್ ಇದೆ ಅಂದುಬಿಡಬಹುದು. ತೋಟಗಳಲ್ಲಿ ದುಡಿಯುವ, ಮೆಕ್ಸಿಕೊದ ಒಅಹಾಕ ರಾಜ್ಯದ ಎಷ್ಟೋ ಜನರ ಮನೆಮಾತು ಮಿಕ್ಸ್‌ಟೆಕ್ ಎಂಬ ಮೂಲನಿವಾಸಿ ಭಾಷೆ, ಸ್ಪ್ಯಾನಿಷ್ ಅವರಿಗೂ ಎರಡನೆಯ ಭಾಷೆ. ಗ್ಯಾರೇಜಿನಲ್ಲಿ, ಹಿತ್ತಲಿನ ಶೆಡ್ಡಿನಲ್ಲಿ ಬಾಡಿಗೆಗೆ ಇರುವವರಿಗೆ ಸ್ವಂತ ವಿಳಾಸವೇ ಇಲ್ಲ. ಚೀಟಿ ಎತ್ತುವಾಗಲೇ ಅವರು ಬಿಟ್ಟುಹೋಗುತ್ತಾರೆ. ಇಂಥವರೇ ಹೆಚ್ಚು ಬಡವರು, ಹೆಚ್ಚು ಕಾಯಿಲೆ ಬೀಳುವವರು. ಸಿಕ್ಕವರ ಉತ್ತರ ನೋಡಿ ಸಿಗದವರೂ ಹೀಗೆಯೇ ಅಂದುಕೊಂಡರೆ ಅವರಿಗೆ ಅನ್ಯಾಯವಾಗುತ್ತದೆ.

2025ರಲ್ಲಿ ಈ ಭಯಕ್ಕೆ ಗಟ್ಟಿ ಕಾರಣವೇ ಸಿಕ್ಕಿತು. ಮೆಡಿಕೇಡ್ ಪಡೆಯುವವರ ವೈಯಕ್ತಿಕ ಮಾಹಿತಿಯನ್ನು ಕೇಂದ್ರ ಸರ್ಕಾರ ಗೃಹ ಭದ್ರತಾ ಇಲಾಖೆಗೆ ಕೊಟ್ಟಿದೆ ಅನ್ನುವುದು ಜೂನ್ ತಿಂಗಳಲ್ಲಿ ಹೊರಬಂತು. ಕ್ಯಾಲಿಫೋರ್ನಿಯಾ ಸೇರಿ 20 ರಾಜ್ಯಗಳು ಕೋರ್ಟಿಗೆ ಹೋದವು. ಸಮೀಕ್ಷೆ ಬೇರೆ, ವಿಮೆಯ ಕಡತ ಬೇರೆ. ಒಂದರ ಮಾಹಿತಿ ಇನ್ನೊಂದಕ್ಕೆ ಹೋಗುವುದಿಲ್ಲ. ಆದರೆ ಹಗಲಿಡೀ ದುಡಿದು ಬಂದು ಪತ್ರ ಬಿಚ್ಚಿದವರಿಗೆ ಈ ವ್ಯತ್ಯಾಸ ಯಾರು ತಿಳಿಸಿ ಹೇಳುತ್ತಾರೆ?

ಈ ಅಂದಾಜುಗಳ ಮೇಲೆ ಹಣವೂ ನಿಂತಿದೆ. ಯುಸಿಎಲ್ಎ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳು ಸೇರಿ ಕ್ಯಾಲ್‌ಸಿಮ್ ಅನ್ನುವ ಮಾದರಿ ನಡೆಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ವಿಮೆ ಇಲ್ಲದವರು ಎಷ್ಟು, ಅವರಲ್ಲಿ ದಾಖಲೆ ಇಲ್ಲದವರು ಎಷ್ಟು ಅಂತ ಅದು ಮುಂಚಿತವಾಗಿ ಹೇಳುತ್ತದೆ. ಅದಕ್ಕೆ ಈ ಆರೋಗ್ಯ ಸಮೀಕ್ಷೆಯೂ ಒಂದು ಆಧಾರ. 2022ಕ್ಕೆ ಪ್ಯೂ ಅಂದಾಜಿನಂತೆ ಈ ರಾಜ್ಯದಲ್ಲಿ ಎಲ್ಲ ವಯಸ್ಸಿನ, ಎಲ್ಲ ಆದಾಯದ ದಾಖಲೆ ಇಲ್ಲದವರು 18 ಲಕ್ಷ. 2025ರ ಹೊತ್ತಿಗೆ ದಾಖಲೆ ಇಲ್ಲದವರಿಗೆ ತೆರೆದ ಮೆಡಿ-ಕ್ಯಾಲ್ ವಿಭಾಗಕ್ಕೆ ಸೇರಿದ್ದವರೇ ಸುಮಾರು 16 ಲಕ್ಷ. ಮೆಡಿ-ಕ್ಯಾಲ್ ಬಡವರಿಗೆ ಮಾತ್ರ ಅನ್ನುವುದನ್ನು ನೆನಪಿಟ್ಟು ಈ ಎರಡು ಸಂಖ್ಯೆ ನೋಡಿ. ನಡುವಿನ ವರ್ಷಗಳಲ್ಲಿ ಹೊಸಬರು ಬಂದಿದ್ದರು. ಎರಡೂ ಪಟ್ಟಿಗಳಲ್ಲಿ ಯಾರು ಸೇರುತ್ತಾರೆ ಅನ್ನುವ ನಿಯಮವೂ ಒಂದೇ ಅಲ್ಲ. ಅಷ್ಟನ್ನು ಬಿಟ್ಟರೂ, ಹಳೆಯ ಅಂದಾಜು ಕಡಿಮೆಯಿತ್ತೇನೋ ಅನ್ನುವ ಪ್ರಶ್ನೆ ಉಳಿಯುತ್ತದೆ. ಪ್ಯೂ 2023ಕ್ಕೆ ಕೊಟ್ಟ ಹೊಸ ಅಂದಾಜಿನಲ್ಲಿ ಕ್ಯಾಲಿಫೋರ್ನಿಯಾದ ಪಾಲು 23 ಲಕ್ಷಕ್ಕೆ ಏರಿತು.

ಮೆಡಿ-ಕ್ಯಾಲ್‌ನ ಈ ವಿಭಾಗದ ಖರ್ಚು ಅಂದುಕೊಂಡದ್ದಕ್ಕಿಂತ ಜಾಸ್ತಿಯಾಯಿತು. 2026ರ ಜನವರಿಯಿಂದ ದಾಖಲೆ ಇಲ್ಲದ ವಯಸ್ಕರ ಹೊಸ ನೋಂದಣಿಯನ್ನು ರಾಜ್ಯ ನಿಲ್ಲಿಸಿತು. ಹಾಗಾಗಿ ಹೊಸದಾಗಿ ಬರುವ ವಯಸ್ಕರು ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಅವರಿಗೆ ಮೈಯಲ್ಲಿ ಹುಷಾರಿದೆಯೋ ಇಲ್ಲವೋ ಅಂತ ತಿಳಿಯಲು ಉಳಿದಿರುವ ಮುಖ್ಯ ದಾರಿ ಮತ್ತೆ ಅದೇ ಸಮೀಕ್ಷೆ, ಅದರ ನಡುವಿನ ಅದೇ ಎರಡು ಪ್ರಶ್ನೆ.